ಅಪ್ರಿಯವಾದುದೆಲ್ಲ ಅನ್ಯಾಯವೆ?

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಸೋತವರ ದೂರುಗಳಿಗೆಲ್ಲ ಉತ್ತರವಾಗಿ ಹೇಳಿಬಿಡುವುದು ಸುಲಭ. ಆದರೆ ಕೆಲವೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುತ್ತದೆ. ಡೊಂಕು ನೆಲದಲ್ಲಿದೆಯೋ ಹೆಜ್ಜೆಯಲ್ಲಿದೆಯೋ ಎಂಬುದನ್ನು ಗಾದೆಯಿಂದ ತೀರ್ಮಾನಿಸಲಾಗದು, ರಸಮಟ್ಟವನ್ನಿಟ್ಟು ನೋಡಬೇಕು. ಎಲೆಯಾಟದ ಪಂದ್ಯಗಳಲ್ಲಿ ಪದೇ ಪದೇ ಕೇಳಿಬರುವ ಒಂದು ದೂರನ್ನು ಈ ಬಗೆಯಾಗಿ ಅಳೆದು ನೋಡಬೇಕೆಂಬುದೇ ನಮ್ಮ ಉದ್ದೇಶ. ಬಹುಮಂದಿಗೆ ಹಿಡಿಸದ ಎಲೆಕಟ್ಟೊಂದನ್ನು ಹಿಡಿದು ಆಡುವವನು ಎದುರಾಳಿಗೆ ಅನ್ಯಾಯ ಮಾಡುತ್ತಿರುವನೆ? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ತನಗೆ ಇಷ್ಟವಿಲ್ಲದುದನ್ನು ಅನ್ಯಾಯವೆಂದು ಕರೆಯುವ ಅಭ್ಯಾಸವು ಎಲೆಯಾಟದ ಮೇಜಿಗಷ್ಟೇ ಸೀಮಿತವಾದುದಲ್ಲ. ಆದುದರಿಂದ ಇದನ್ನು ಚಿಕ್ಕ ಮೇಜಿನ ಮೇಲೆ ಬಿಡಿಸಿ ನೋಡುವುದು ಪ್ರಯೋಜನಕರ.

ನಮಗೆ ಪರಿಚಿತವಾದ ಇಸ್ಪೀಟಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಇಪ್ಪತ್ತೆಂಟಾಗಲಿ ರಮ್ಮಿಯಾಗಲಿ, ಎಲ್ಲರೂ ಎಲೆ ಪಡೆಯುವುದು ನಡುವಿನ ಅದೇ ಎಲೆಗಳಿಂದ. ಕಲೆಸುವವನ ಕೈ ಶುದ್ಧವಾಗಿದ್ದರೆ ಉಳಿದುದು ಅದೃಷ್ಟ ಮತ್ತು ಜಾಣ್ಮೆ. ಆದರೆ 1993ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಪ್ರಕಟಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದ ರೀತಿಯೇ ಬೇರೆ. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತಜ್ಞರು. ಈ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಎಲೆಕಟ್ಟನ್ನು ತಾನೇ ಜೋಡಿಸಿಕೊಂಡು ಬರುತ್ತಾನೆ. ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು. ಮೂಲ ಭೂಮಿಯ ಎಲೆಗಳನ್ನು ಬಿಟ್ಟರೆ ಯಾವ ಎಲೆಯೂ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಇಬ್ಬರಿಗೂ 20 ಅಂಕಗಳ ಆಯುಷ್ಯ. ಸರದಿಯ ಮೇಲೆ ಎಲೆ ಎಳೆಯುತ್ತ, ಇಳಿಸುತ್ತ, ಎದುರಾಳಿಯ ಆಯುಷ್ಯವನ್ನು ಸೊನ್ನೆಗೆ ತರಬೇಕು. ಇಲ್ಲವೆ ಅವನ ರಾಶಿಯಲ್ಲಿ ಎಳೆಯಲು ಎಲೆಯೇ ಇಲ್ಲದಂತೆ ಮಾಡಬೇಕು. ಈವರೆಗೆ ಅಚ್ಚಾಗಿರುವ ಬೇರೆ ಬೇರೆ ಎಲೆಗಳ ಸಂಖ್ಯೆ 20,000ಕ್ಕೂ ಹೆಚ್ಚು. ಹೀಗಾಗಿ ಆಟದ ಅರ್ಧಭಾಗ ಮೇಜಿನ ಮುಂದೆ ಕೂರುವುದಕ್ಕೆ ಮೊದಲೇ, ಯಾವ ಎಲೆಗಳನ್ನು ಆಯಬೇಕೆಂಬ ಆಲೋಚನೆಯಲ್ಲಿಯೇ ನಡೆದುಹೋಗಿರುತ್ತದೆ.

ಅಪ್ರಿಯತೆಗೆ ಹೆಸರಾದ ಎರಡು ಕಟ್ಟುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲನೆಯದು 'ಲ್ಯಾಂಟರ್ನ್ ಕಂಟ್ರೋಲ್'. ನಾವು ಇದನ್ನು ಲಾಟೀನು ಕಟ್ಟು ಎಂದು ಕರೆಯಬಹುದು. ಇದರಲ್ಲಿರುವ ಲಾಟೀನಿನ ಎಲೆಯು ಮೇಜಿಗೆ ಬಂದೊಡನೆ ಇಬ್ಬರ ರಾಶಿಯ ಮೇಲ್ತುದಿಯ ಎಲೆಯೂ ಎಲ್ಲರಿಗೂ ಕಾಣುವಂತಾಗುತ್ತದೆ. ಎದುರಾಳಿ ಮುಂದೆ ಎಳೆಯಲಿರುವ ಎಲೆ ಅಪಾಯಕರವಾಗಿದ್ದರೆ ಮತ್ತೊಂದು ಸಣ್ಣ ಯಂತ್ರದ ಎಲೆಯಿಂದ ಅದನ್ನು ಕಸದ ರಾಶಿಗೆ ತಳ್ಳಲಾಗುತ್ತದೆ. ನಿರುಪಯೋಗಿಯಾಗಿದ್ದರೆ ಎಳೆದುಕೊಳ್ಳಲು ಬಿಡಲಾಗುತ್ತದೆ. ಇನ್ನೊಂದು ಎಲೆಯು, ಲಾಟೀನಿನವನ ಕೈಯಲ್ಲಿರುವ ಎಲೆಗಳ ಸಂಖ್ಯೆಗಿಂತ ಹೆಚ್ಚು ಬಲವುಳ್ಳ ಜೀವಿಗಳು ದಾಳಿ ಮಾಡದಂತೆ ತಡೆಯುತ್ತದೆ. ಅವನು ಕೈ ಬರಿದು ಮಾಡಿಕೊಂಡು ಕುಳಿತರೆ ದೊಡ್ಡ ಸೈನ್ಯವೂ ಸುಮ್ಮನೆ ನಿಲ್ಲಬೇಕಾಗುತ್ತದೆ. ಎದುರಾಳಿ ಬದುಕಿರುತ್ತಾನೆ, ಸರದಿಯೂ ಬರುತ್ತದೆ, ಆದರೆ ಅವನಿಂದ ಏನೂ ಆಗದು. 2018ರ ಫೆಬ್ರವರಿಯಲ್ಲಿ ಸ್ಪೇನಿನ ಬಿಲ್ಬಾವೊ ನಗರದಲ್ಲಿ ನಡೆದ ವೃತ್ತಿಪರ ಪಂದ್ಯಾವಳಿಯನ್ನು ಅರ್ಜೆಂಟೀನದ ಲೂಯಿಸ್ ಸಾಲ್ವಟ್ಟೊ ಇದೇ ಕಟ್ಟಿನಿಂದ ಗೆದ್ದರು.

ಎರಡನೆಯದು 'ಎಗ್ಸ್', ಅಂದರೆ ಮೊಟ್ಟೆಗಳ ಕಟ್ಟು. ಸಣ್ಣ ಸಣ್ಣ ವಸ್ತುಗಳನ್ನು ಒಡೆದು ಎಲೆ ಎಳೆಯುವುದು, ಆಮೇಲೆ 'ಸೆಕೆಂಡ್ ಸನ್‌ರೈಸ್' ಎಂಬ ಎಲೆಯಿಂದ ಆ ಸರದಿಯಲ್ಲಿ ಒಡೆದುದನ್ನೆಲ್ಲ ಮತ್ತೆ ಮೇಜಿಗೆ ತರುವುದು, ಮತ್ತೆ ಒಡೆಯುವುದು: ಹೀಗೆ ಒಂದೇ ಸರದಿಯಲ್ಲಿ ರಾಶಿಯನ್ನೆಲ್ಲ ಎಳೆದು ಗೆಲ್ಲುವುದು ಇದರ ಮಾರ್ಗ. ಝೆಕ್ ದೇಶದ ಸ್ಟಾನಿಸ್ಲಾವ್ ತ್ಸಿಫ್ಕಾ 2012ರ ಅಕ್ಟೋಬರಿನಲ್ಲಿ ಸಿಯಾಟಲ್ ನಗರದ ವೃತ್ತಿಪರ ಪಂದ್ಯಾವಳಿಯನ್ನು ಇದರಿಂದ ಗೆದ್ದರು. ಒಬ್ಬನು ಬಹಳ ಹೊತ್ತು ಎಲೆ ಎಳೆಯುತ್ತಿರುವಾಗ ಇನ್ನೊಬ್ಬನು ಕೈಕಟ್ಟಿ ನೋಡುತ್ತಿರಬೇಕಾದ ಆಟವಿದು.

ಈ ಎರಡು ಕಟ್ಟುಗಳನ್ನೂ ಕುರಿತು "ಇದು ಅನ್ಯಾಯ" ಎಂಬ ಕೂಗೆದ್ದುದು ಆಶ್ಚರ್ಯವಲ್ಲ. ಆದರೆ ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಅರ್ಥಗಳು ಸೇರಿಕೊಂಡಿವೆ. ಒಂದು, ಈ ಕಟ್ಟು ನನಗೆ ಅಪ್ರಿಯ. ಎರಡು, ಇದರ ಬಲ ಉಳಿದವುಗಳಿಗೆ ಸರಿದೂಗದಷ್ಟು ಹೆಚ್ಚು, ಅಂದರೆ ಇದು ಅಸಮತೂಕ. ಮೂರು, ಇದು ನನಗೆ ಸಲ್ಲಬೇಕಾದುದನ್ನು ನನ್ನಿಂದ ಕಿತ್ತುಕೊಳ್ಳುತ್ತಿದೆ, ಅಂದರೆ ನಿಜವಾದ ಅನ್ಯಾಯ. ಮೊದಲನೆಯದು ಅಭಿರುಚಿಯ ಮಾತು. ಎರಡನೆಯದು ಅಳತೆಯ ಮಾತು. ಮೂರನೆಯದು ನೀತಿಯ ಮಾತು. ಮೊದಲನೆಯದಕ್ಕೆ ಮೂರನೆಯದರ ಉಡುಪು ತೊಡಿಸುವುದರಿಂದಲೇ ಜಗಳವೆಲ್ಲ ಹುಟ್ಟುತ್ತದೆಂದು ನಮ್ಮ ಅಭಿಪ್ರಾಯ. ಆದುದರಿಂದ ದೂರನ್ನು ಮೂರು ಪರೀಕ್ಷೆಗಳಿಗೆ ಒಡ್ಡಬೇಕು.

ಮೊದಲನೆಯ ಪರೀಕ್ಷೆ: ನಿಯಮವು ಇಬ್ಬರಿಗೂ ಒಂದೇ ಆಗಿತ್ತೆ? ಲಾಟೀನಿನ ಎಲೆಯನ್ನು ಬಳಸುವ ಅವಕಾಶ ಒಬ್ಬನಿಗೆ ಇದ್ದು ಮತ್ತೊಬ್ಬನಿಗೆ ಇಲ್ಲದಿದ್ದರೆ ಅದು ಅನ್ಯಾಯ. ಹಾಗಿಲ್ಲ, ಅನುಮತಿಸಿದ ಎಲೆಗಳ ಪಟ್ಟಿ ಎಲ್ಲರಿಗೂ ಮುಂಚಿತವಾಗಿಯೇ ಪ್ರಕಟವಾಗಿರುತ್ತದೆ. ಇಲ್ಲಿ ಕೆಲವರು ಹೇಳುವುದುಂಟು: "ನಿಯಮ ಅನುಮತಿಸಿದರೇನು? ಆಟವನ್ನು ರಚಿಸಿದವರ ಉದ್ದೇಶ ಇದಾಗಿರಲಿಲ್ಲ." ಈ ವಾದ ಕೇಳಲು ಸೊಗಸಾಗಿದೆ, ಆದರೆ ನಿಲ್ಲಲಾರದು. 2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬೈಡರ್ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು ಈ ಆಟದ ಎಲೆಗಳಿಂದಲೇ ಟ್ಯೂರಿಂಗ್ ಯಂತ್ರವನ್ನು, ಅಂದರೆ ಯಾವ ಗಣಕದ ಕೆಲಸವನ್ನಾದರೂ ತತ್ತ್ವತಃ ಮಾಡಬಲ್ಲ ಆದರ್ಶ ಯಂತ್ರವನ್ನು, ಕಟ್ಟಬಹುದೆಂದು ಸಾಧಿಸಿ ತೋರಿಸಿದರು. ಅದರಿಂದ ಹೊರಡುವ ತೀರ್ಮಾನವೇನೆಂದರೆ, ಮೇಜಿನ ಮೇಲಿನ ಯಾವುದೇ ಸ್ಥಿತಿಯನ್ನು ಕೊಟ್ಟರೂ ಕೊನೆಗೆ ಗೆಲ್ಲುವವರಾರೆಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕವಾದ ಲೆಕ್ಕದ ವಿಧಾನ ಇರಲಾರದು. ಇಂತಹ ಆಟದಲ್ಲಿ ಹುಟ್ಟಬಹುದಾದ ಕಟ್ಟುಗಳನ್ನೆಲ್ಲ ರಚಿಸಿದವರು ಮುಂಗಂಡಿರಬೇಕೆಂದು ನಿರೀಕ್ಷಿಸುವುದೇ ಅಸಂಗತ. ಬರೆದ ನಿಯಮವನ್ನು ಎಲ್ಲರೂ ಓದಬಹುದು. ಬರೆದವರ ಮನಸ್ಸನ್ನು ಯಾರೂ ಓದಲಾರರು.

ಎರಡನೆಯ ಪರೀಕ್ಷೆ: ಈ ಕಟ್ಟಿಗೆ ಉತ್ತರವುಂಟೆ? ಲಾಟೀನು ಕಟ್ಟಿಗೆ ಉತ್ತರ ಧಾರಾಳವಾಗಿ ಉಂಟು. ಅದರ ಅಂಗಗಳೆಲ್ಲ ಯಂತ್ರಜಾತಿಯ ಎಲೆಗಳು. ಯಂತ್ರಗಳನ್ನು ಒಡೆಯುವ, ಅವುಗಳ ಕೆಲಸವನ್ನು ಸ್ತಂಭಿಸುವ ಎಲೆಗಳು ಆಟದಲ್ಲಿ ಬೇಕಾದಷ್ಟಿವೆ. ಪ್ರತಿಯೊಬ್ಬನೂ ಮುಖ್ಯ ಕಟ್ಟಿನ ಜೊತೆಗೆ 15 ಎಲೆಗಳ ಪಕ್ಕದ ಕಟ್ಟನ್ನು ಇಟ್ಟುಕೊಳ್ಳಬಹುದು. ಮೊದಲ ಆಟ ಮುಗಿದ ಮೇಲೆ ಅದರಿಂದ ಎಲೆಗಳನ್ನು ಬದಲಾಯಿಸಿಕೊಳ್ಳಬಹುದು. ಅದರಲ್ಲಿ ಪ್ರತ್ಯೌಷಧವಾದ ಒಂದು ಎಲೆಯ ನಾಲ್ಕು ಪ್ರತಿಗಳನ್ನು ಇಟ್ಟುಕೊಂಡು ಎರಡನೆಯ ಆಟಕ್ಕೆ ಸೇರಿಸಿದನೆನ್ನಿ. 60 ಎಲೆಗಳ ಕಟ್ಟಿನಿಂದ ಮೊದಲು ಎಳೆಯುವ ಏಳು ಎಲೆಗಳಲ್ಲಿ ಅದರ ಒಂದು ಪ್ರತಿಯಾದರೂ ಬರುವ ಸಂಭಾವ್ಯತೆ ಸುಮಾರು ಶೇಕಡ 40. ಎರಡು ಬಗೆಯ ಔಷಧಗಳಿದ್ದರೆ ಅದು ಇನ್ನೂ ಹೆಚ್ಚುತ್ತದೆ. ಔಷಧ ಅಂಗಡಿಯಲ್ಲಿದ್ದರೂ ಕೊಳ್ಳದೆ ರೋಗವನ್ನು ಬೈಯುವುದು ವಿವೇಕವಲ್ಲ.

"ಆದರೆ ಅಪರೂಪಕ್ಕೆ ಎದುರಾಗುವ ಕಟ್ಟಿಗಾಗಿ ನಾವೇಕೆ ನಾಲ್ಕು ಎಲೆಗಳ ಜಾಗ ಕಳೆದುಕೊಳ್ಳಬೇಕು?" ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ, ವಿಷಯದ ಮರ್ಮ ಅಲ್ಲಿಯೇ ಇದೆ. ಕಟ್ಟೊಂದರ ಬಲವು ಅದರೊಳಗೇ ಅಡಗಿರುವ ಗುಣವಲ್ಲ. ಸುತ್ತಲಿನವರು ಏನು ಹಿಡಿದು ಬಂದಿದ್ದಾರೆಂಬುದರ ಮೇಲೆ ಅದು ನಿಂತಿದೆ. ಸರಳವಾದ ಲೆಕ್ಕವೊಂದನ್ನು ನೋಡೋಣ. ಅ, ಆ, ಇ ಎಂಬ ಮೂರು ಕಟ್ಟುಗಳಿವೆ. ಅ ಎಂಬುದು ಆ-ಯನ್ನು, ಆ ಎಂಬುದು ಇ-ಯನ್ನು, ಇ ಎಂಬುದು ಅ-ವನ್ನು ನೂರಕ್ಕೆ 60 ಸಲ ಸೋಲಿಸುತ್ತವೆ. ತಮ್ಮಂಥದೇ ಕಟ್ಟು ಎದುರಾದರೆ ಸಮಸಮ. ಎಲ್ಲ ಕಟ್ಟುಗಳನ್ನೂ ಸಮಸಂಖ್ಯೆಯ ಜನ ಆಡುತ್ತಿದ್ದರೆ ಯಾವುದಕ್ಕೂ ಮೇಲುಗೈಯಿಲ್ಲ. ಆದರೆ ನೂರರಲ್ಲಿ 60 ಜನ ಅ-ವನ್ನೂ, 20 ಜನ ಆ-ಯನ್ನೂ, 20 ಜನ ಇ-ಯನ್ನೂ ಹಿಡಿದು ಬಂದರೆಂದು ಭಾವಿಸಿ. ಆಗ ಅ-ವಿನ ಗೆಲವು ನೂರಕ್ಕೆ 50, ಆ-ಯದು 46, ಇ-ಯದು 54. ಇ-ಯು ಮೂರರಲ್ಲಿ ಬಲಿಷ್ಠವೆಂದು ತೋರುವುದು ಬಹುಮಂದಿ ಅ-ವನ್ನು ಆರಿಸಿಕೊಂಡ ಕಾರಣದಿಂದ. ಇ-ಯ ಗೆಲವನ್ನು ಕಂಡು ಜನರು ಅದಕ್ಕೆ ತಿರುಗಿದೊಡನೆ ಆ-ಯ ಕಾಲ ಬರುತ್ತದೆ. ವಿರಳವಾದುದರ ಲಾಭ ಅದು ವಿರಳವಾಗಿರುವಷ್ಟು ದಿನ ಮಾತ್ರ.

ಪ್ರಕೃತಿಯಲ್ಲಿಯೂ ಈ ಚಕ್ರವುಂಟು. ಕ್ಯಾಲಿಫೋರ್ನಿಯದ ಒಂದು ಜಾತಿಯ ಓತಿಯಲ್ಲಿ ಗಂಡುಗಳ ಗಂಟಲಿನ ಬಣ್ಣ ಮೂರು ಬಗೆಯದು. ಕಿತ್ತಳೆ ಬಣ್ಣದವು ವಿಶಾಲವಾದ ಕ್ಷೇತ್ರವನ್ನು ಆಕ್ರಮಿಸಿ ನೀಲಿಯವನ್ನು ಹಿಮ್ಮೆಟ್ಟಿಸುತ್ತವೆ. ಹಳದಿಯವು ಹೆಣ್ಣಿನಂತೆ ಕಾಣಿಸಿಕೊಂಡು ಕಿತ್ತಳೆಯ ವಿಶಾಲ ಕ್ಷೇತ್ರದೊಳಕ್ಕೆ ನುಸುಳುತ್ತವೆ. ತಮ್ಮ ಸಂಗಾತಿಯನ್ನು ಹತ್ತಿರದಿಂದ ಕಾಯುವ ನೀಲಿಯವು ಹಳದಿಯ ಕಳ್ಳತನವನ್ನು ತಡೆಯುತ್ತವೆ. ಯಾವ ಬಣ್ಣವೂ ಶಾಶ್ವತವಾಗಿ ಮೇಲಾಗದೆ ವರ್ಷದಿಂದ ವರ್ಷಕ್ಕೆ ಸರದಿಯಂತೆ ಹೆಚ್ಚುತ್ತವೆಂದು ಸಿನರ್ವೊ ಮತ್ತು ಲೈವ್ಲಿ ಎಂಬ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದರು. ಹಳದಿ ಓತಿಯ ನಡತೆ ನಮಗೆ ಹಿಡಿಸದಿರಬಹುದು. ಆದರೆ ಅದನ್ನು ಓತಿಕುಲದಿಂದ ತೆಗೆದುಹಾಕಿದರೆ ಕಿತ್ತಳೆಯನ್ನು ತಡೆಯುವವರು ಯಾರು? ಎಲೆಯಾಟದಲ್ಲಿಯೂ ಅಪ್ರಿಯವಾದ ಕಟ್ಟು ಹಲವೊಮ್ಮೆ ಜನಪ್ರಿಯವಾದುದರ ಅತಿರೇಕಕ್ಕೆ ಕಡಿವಾಣವಾಗಿರುತ್ತದೆ.

ಹಾಗೆಂದು ಎಲ್ಲ ಕಟ್ಟುಗಳೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. 2004ರ ಸುಮಾರಿಗೆ 'ಅಫಿನಿಟಿ' ಎಂಬ ಕಟ್ಟು ಆಟದ ಒಂದು ಮುಖ್ಯ ವಿಭಾಗವನ್ನು ಸಂಪೂರ್ಣವಾಗಿ ಆವರಿಸಿಕೊಂಡಿತು. ಅದಕ್ಕೆ ಔಷಧಗಳಿದ್ದವು, ಜನರು ಅವನ್ನು ಬಳಸಿಯೂ ಬಳಸಿದರು; ಆದರೂ ಚಕ್ರ ತಿರುಗಲಿಲ್ಲ. ಕೊನೆಗೆ 2005ರ ಮಾರ್ಚಿನಲ್ಲಿ ಅದರ ಎಂಟು ಎಲೆಗಳನ್ನು ಒಟ್ಟಿಗೆ ನಿಷೇಧಿಸಬೇಕಾಯಿತು. ಆ ನಿಷೇಧ ಸರಿಯಾದುದೆಂದು ನಾವು ಒಪ್ಪುತ್ತೇವೆ. ಎಲ್ಲರೂ ಒಂದನ್ನೇ ಆಡಬೇಕಾಗಿ ಬಂದಾಗ ಆಯ್ಕೆಯೆಂಬುದೇ ಇಲ್ಲವಾಗುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ: ಅಫಿನಿಟಿ ಕಟ್ಟನ್ನು ಆಡಿದವರು ಬಹುಮಂದಿ. ಸಮತೂಕ ಕೆಡುವುದು ಸಾಮಾನ್ಯವಾಗಿ ಎಲ್ಲರೂ ಹಿಡಿದಿರುವ ಕಟ್ಟಿನಿಂದಲೇ ಹೊರತು ಮೂಲೆಯಲ್ಲಿ ಒಬ್ಬಿಬ್ಬರು ಹಿಡಿದಿರುವ ವಿಚಿತ್ರವಾದ ಕಟ್ಟಿನಿಂದಲ್ಲ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಸೂಕ್ಷ್ಮವಾದುದು: ಈ ಕಟ್ಟು ಎದುರಾಳಿಯಲ್ಲದ ಬೇರೆಯವರ ಪಾಲನ್ನು ಕಬಳಿಸುತ್ತಿದೆಯೆ? ಪಂದ್ಯಾವಳಿಯಲ್ಲಿ ಎಲ್ಲರಿಗೂ ಸಮಾನವಾಗಿ ಸೇರಿದ ಸ್ವತ್ತೊಂದಿದೆ, ಅದು ಕಾಲ. ಪ್ರತಿ ಸುತ್ತಿಗೆ 50 ನಿಮಿಷ. ಅವಧಿ ಮುಗಿದಾಗ ನಡೆಯುತ್ತಿರುವ ಸರದಿಯನ್ನು ಪೂರೈಸಿ, ಮೇಲೆ ಐದು ಸರದಿಗಳನ್ನು ಆಡಬಹುದು. ಮುಂದಿನ ಸುತ್ತಿನಲ್ಲಿ ಯಾರಿಗೆ ಯಾರು ಎದುರೆಂಬುದು ಹಿಂದಿನ ಸುತ್ತಿನ ಫಲಿತಾಂಶದಿಂದ ಗೊತ್ತಾಗಬೇಕಾದುದರಿಂದ, ಒಂದು ಮೇಜಿನ ಆಟ ಮುಗಿಯದಿದ್ದರೆ ನೂರಾರು ಜನ ಕಾಯಬೇಕು. ಮೊಟ್ಟೆಗಳ ಕಟ್ಟಿನ ಒಂದೇ ಸರದಿ ಬಹಳ ಹೊತ್ತು ಹಿಡಿಯುತ್ತಿತ್ತು. ಪರಿಣಾಮ ನಿಶ್ಚಿತವಾದ ಆವರ್ತನವಾಗಿದ್ದರೆ "ಇದನ್ನು ಸಾವಿರ ಸಲ ಮಾಡಿದೆನೆಂದು ತಿಳಿಯಿರಿ" ಎಂದು ಹೇಳಿ ಮುಂದುವರಿಯಲು ನಿಯಮ ಬಿಡುತ್ತದೆ. ಆದರೆ ಇಲ್ಲಿ ಪ್ರತಿ ಹೆಜ್ಜೆಗೂ ಯಾವ ಎಲೆ ಬರುವುದೋ ತಿಳಿಯದಾದುದರಿಂದ ಎಲ್ಲವನ್ನೂ ಆಡಿಯೇ ತೋರಿಸಬೇಕಾಗಿತ್ತು. 2013ರಲ್ಲಿ 'ಸೆಕೆಂಡ್ ಸನ್‌ರೈಸ್' ಎಲೆಯನ್ನು ನಿಷೇಧಿಸಿದಾಗ ಅಧಿಕಾರಿಗಳು ಕೊಟ್ಟ ಕಾರಣವೂ ಇದೇ. ಕಟ್ಟು ಅತಿ ಬಲಶಾಲಿಯೆಂದಾಗಲಿ ಜನಕ್ಕೆ ಹಿಡಿಸದೆಂದಾಗಲಿ ಅವರು ಹೇಳಲಿಲ್ಲ. ಪಂದ್ಯಾವಳಿಯ ಕಾಲವನ್ನು ತಿನ್ನುತ್ತದೆಂದರು. ಈ ಕಾರಣವನ್ನು ನಾವು ಯೋಗ್ಯವೆಂದೇ ಎಣಿಸುತ್ತೇವೆ.

ಇಲ್ಲಿ ನಿಧಾನವಾದ ಕಟ್ಟಿಗೂ ನಿಧಾನಿಸುವ ಆಟಗಾರನಿಗೂ ಇರುವ ಭೇದವನ್ನು ಮರೆಯಬಾರದು. ಗಡಿಯಾರದ ಲಾಭಕ್ಕಾಗಿ ಬೇಕೆಂದೇ ಕಾಲ ತಳ್ಳುವುದನ್ನು ಪಂದ್ಯದ ನಿಯಮಗಳು ಮೋಸವೆಂದೇ ಪರಿಗಣಿಸುತ್ತವೆ. ಅದು ವ್ಯಕ್ತಿಯ ತಪ್ಪು. ಆದರೆ ಚುರುಕಾಗಿ ಆಡುತ್ತಲೇ ಬಹುಸರದಿಗಳ ಬಳಿಕ ಗೆಲ್ಲುವ ಲಾಟೀನಿನವನು ಯಾರ ಕಾಲವನ್ನೂ ಕದ್ದವನಲ್ಲ. ಎದುರಾಳಿಗೆ ದಾರಿಯಿಲ್ಲವೆಂದು ಖಚಿತವಾದರೆ ಸೋಲೊಪ್ಪಿ ಏಳುವ ಸ್ವಾತಂತ್ರ್ಯ ಅವನಿಗೆ ಯಾವಾಗಲೂ ಇದೆ. ಹೀಗೆ ಮೂರು ಪರೀಕ್ಷೆಗಳಲ್ಲಿಯೂ ಲಾಟೀನು ಕಟ್ಟು ಗೆಲ್ಲುತ್ತದೆ. ಮೊಟ್ಟೆಗಳ ಕಟ್ಟು ಮೂರನೆಯದರಲ್ಲಿ ಸೋಲುತ್ತದೆ. ಎರಡೂ ಅಪ್ರಿಯವೇ. ಆದರೆ ತೀರ್ಪು ಒಂದೇ ಅಲ್ಲ.

ಹಾಗಿದ್ದರೂ ಲಾಟೀನಿನ ಮುಂದೆ ಕುಳಿತವನಿಗೆ ಅನ್ಯಾಯವಾದಂತೆ ಅನಿಸುವುದೇಕೆ? 2003ರಲ್ಲಿ ಬ್ರಾಸ್ನನ್ ಮತ್ತು ಡಿ ವಾಲ್ ಎಂಬ ವಿಜ್ಞಾನಿಗಳು ಕ್ಯಾಪುಚಿನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಸೌತೆಕಾಯಿಯ ತುಂಡಿಗೆ ಸಂತೋಷದಿಂದ ಕೆಲಸ ಮಾಡುತ್ತಿದ್ದ ಕೋತಿ, ಪಕ್ಕದ ಕೋತಿಗೆ ಅದೇ ಕೆಲಸಕ್ಕೆ ದ್ರಾಕ್ಷಿ ಕೊಟ್ಟುದನ್ನು ಕಂಡಾಗ ಸೌತೆಕಾಯಿಯನ್ನು ತಿರಸ್ಕರಿಸತೊಡಗಿತು. ನ್ಯಾಯಬುದ್ಧಿ ಕೋತಿಗಳಲ್ಲಿಯೂ ಇದೆಯೆಂದು ಹಲವರು ಇದನ್ನು ಕೊಂಡಾಡಿದರು. ಆದರೆ ಬೇರೆ ಸಂಶೋಧಕರು ಒಂದು ಸಂದೇಹವನ್ನೆತ್ತಿದರು: ಕೋತಿಯನ್ನು ಕೆರಳಿಸಿದುದು ಪಕ್ಕದವನಿಗಾದ ಪಕ್ಷಪಾತವೋ, ಅಥವಾ ಕಣ್ಣೆದುರು ದ್ರಾಕ್ಷಿ ಕಂಡೂ ತನಗೆ ದೊರೆಯದ ನಿರಾಶೆಯೋ? ಈ ಸಂದೇಹ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಅನ್ಯಾಯವಾದಾಗ ಆಗುವ ಉರಿಯೂ ನಿರೀಕ್ಷೆ ಭಂಗವಾದಾಗ ಆಗುವ ಉರಿಯೂ ಒಳಗಿನಿಂದ ಒಂದೇ ಬಗೆಯಾಗಿ ತೋರುತ್ತವೆ. ಯುದ್ಧವಾಡಲು ಬಂದವನಿಗೆ ಬೀಗ ಹಾಕಿದ ಬಾಗಿಲು ಎದುರಾದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಸತ್ಯ. ಆದರೆ ಅದು ಸಾಕ್ಷ್ಯವಲ್ಲ.

"ಆಟವೆಂಬುದು ಸಂತೋಷಕ್ಕಾಗಿ ಇರುವುದಲ್ಲವೆ? ಒಬ್ಬರ ಸಂತೋಷವನ್ನು ಕೆಡಿಸುವುದೇ ಅನ್ಯಾಯ" ಎಂಬುದು ಕೊನೆಯ ಆಕ್ಷೇಪಣೆ. ಸ್ನೇಹಿತರ ಮನೆಯ ಮೇಜಿಗೆ ಈ ಮಾತು ಸಲ್ಲುತ್ತದೆ. ನಾಲ್ವರು ಗೆಳೆಯರು ಕೂಡಿ "ಲಾಟೀನು ಬೇಡ" ಎಂದು ಒಡಂಬಡಿಕೆ ಮಾಡಿಕೊಂಡರೆ ಅದನ್ನು ಮೀರುವುದು ಸಜ್ಜನಿಕೆಯಲ್ಲ. ಆದರೆ ಪ್ರವೇಶಧನ ಕೊಟ್ಟು, ಬಹುಮಾನಕ್ಕಾಗಿ, ಅಪರಿಚಿತರೊಡನೆ ಆಡುವ ಪಂದ್ಯಾವಳಿಯಲ್ಲಿ ಪ್ರಕಟವಾದ ನಿಯಮವೇ ಒಡಂಬಡಿಕೆ. ಅಲ್ಲಿ ಬರೆಯದ ಷರತ್ತುಗಳನ್ನು ಎದುರಾಳಿಯ ಮೇಲೆ ಹೇರುವವನೇ ಒಪ್ಪಂದವನ್ನು ಮುರಿಯುತ್ತಾನೆ.

ಕ್ರಿಕೆಟ್ಟಿನ ಚರಿತ್ರೆಯಲ್ಲಿ ಇದಕ್ಕೆ ಎರಡು ನಿದರ್ಶನಗಳುಂಟು. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ನಮ್ಮ ವಿನೂ ಮಂಕಡರು, ಚೆಂಡೆಸೆಯುವ ಮುನ್ನವೇ ಗೆರೆ ದಾಟಿದ್ದ ಬಿಲ್ ಬ್ರೌನರನ್ನು ರನೌಟ್ ಮಾಡಿದರು. ನಿಯಮ ಅವರ ಪರವಾಗಿತ್ತು. ಎದುರು ತಂಡದ ನಾಯಕ ಬ್ರಾಡ್ಮನ್ನರೂ ಅವರನ್ನೇ ಸಮರ್ಥಿಸಿದರು. ಆದರೂ ಬಹಳ ಕಾಲ ಮಂಕಡರ ಹೆಸರನ್ನೇ ಒಂದು ನಿಂದೆಯ ಮಾತಾಗಿ ಬಳಸಲಾಯಿತು. 2022ರಲ್ಲಿ ಎಂ.ಸಿ.ಸಿ.ಯು ಈ ಬಗೆಯ ಔಟನ್ನು 'ಅನ್ಯಾಯದ ಆಟ'ದ ಅಧ್ಯಾಯದಿಂದ ತೆಗೆದು ಸಾಧಾರಣ ರನೌಟಿನ ಅಧ್ಯಾಯಕ್ಕೆ ಸೇರಿಸಿತು. ಮತ್ತೊಂದು, 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಟ್ರೆವರ್ ಚಾಪೆಲ್ ನ್ಯೂಜಿಲೆಂಡಿನ ವಿರುದ್ಧ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿದ ಪ್ರಸಂಗ. ಅದೂ ಅಂದಿನ ನಿಯಮಕ್ಕೆ ವಿರೋಧವಾಗಿರಲಿಲ್ಲ. ಆಟಕ್ಕೆ ಕೇಡೆಂದು ಕಂಡುದರಿಂದ ಮುಂದಕ್ಕೆ ನಿಯಮವನ್ನೇ ಬದಲಿಸಿದರು. ಸರಿಯಾದ ಮಾರ್ಗ ಇದು: ಬೇಡವಾದುದನ್ನು ಬಹಿರಂಗವಾಗಿ, ಕಾರಣ ಕೊಟ್ಟು, ಮುಂದಿನ ದಿನಗಳಿಗಾಗಿ ನಿಷೇಧಿಸಬೇಕು, ನಿಷೇಧವಿಲ್ಲದುದನ್ನು ಮಾಡಿದವನನ್ನು ಹೀನಾಯ ಮಾಡಬಾರದು.

ನಿಜವಾದ ಅನ್ಯಾಯವನ್ನು ಹುಡುಕುವುದಾದರೆ ಅದು ಬೇರೊಂದು ಕಡೆ ಇದೆ. ಚದುರಂಗದಲ್ಲಿ ಬಡವನ ಆನೆಗೂ ಶ್ರೀಮಂತನ ಆನೆಗೂ ನಡೆ ಒಂದೇ. ಈ ಎಲೆಯಾಟದಲ್ಲಿ ಹಾಗಲ್ಲ. ಬಲವಾದ ಎಲೆಗಳಲ್ಲಿ ಹಲವು ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗುತ್ತವೆ. ಒಂದೊಂದಕ್ಕೆ ಸಾವಿರಾರು ರೂಪಾಯಿ ಬೆಲೆಯಾಗುವುದುಂಟು. ಒಳ್ಳೆಯ ಆಲೋಚನೆಯಿದ್ದೂ ಹಣವಿಲ್ಲದ ಹುಡುಗನೊಬ್ಬ ಎರಡನೆಯ ದರ್ಜೆಯ ಕಟ್ಟಿನೊಡನೆ ಕೂರಬೇಕಾಗುತ್ತದೆ. ನಿಯಮ ಎಲ್ಲರಿಗೂ ಒಂದೇ ಎಂಬ ನಮ್ಮ ಮೊದಲನೆಯ ಪರೀಕ್ಷೆ ಇಲ್ಲಿ ಕಾಗದದ ಮೇಲೆ ಮಾತ್ರ ಗೆಲ್ಲುತ್ತದೆ. ಲಾಟೀನಿನ ಮೇಲೆ ವ್ಯಯವಾಗುವ ಕೋಪದಲ್ಲಿ ನಾಲ್ಕನೆಯ ಒಂದು ಪಾಲು ಈ ಕಡೆ ತಿರುಗಿದ್ದರೆ ಆಟಕ್ಕೆ ಹೆಚ್ಚು ಉಪಕಾರವಾಗುತ್ತಿತ್ತು. ಅನಧಿಕೃತ ಕೂಟಗಳು ಕೆಲವೆಡೆ ನಕಲು ಎಲೆಗಳಿಗೆ ಅವಕಾಶ ಕೊಡುತ್ತಿರುವುದು ಈ ದಿಕ್ಕಿನಲ್ಲಿ ಮೆಚ್ಚತಕ್ಕ ಹೆಜ್ಜೆ.

ಅನ್ಯಾಯವೆಂಬ ಮಾತಿಗೆ ತೂಕವಿದೆ. ಅದನ್ನು ಕಂಡಕಂಡುದಕ್ಕೆಲ್ಲ ಬಳಸಿದರೆ ಆ ತೂಕ ಇಳಿಯುತ್ತದೆ. ಬೇರೆಯವರು ಕಡೆಗಣಿಸಿದ ಎಲೆಗಳಲ್ಲಿ ಹೊಸದೊಂದು ಉಪಯೋಗವನ್ನು ಕಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವನನ್ನು ಮೋಸಗಾರನಂತೆ ನೋಡುವ ಮುನ್ನ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಿಯಮ ಇಬ್ಬರಿಗೂ ಒಂದೇ ಆಗಿತ್ತೆ? ಉತ್ತರವಿತ್ತೆ? ಮೂರನೆಯವರ ಪಾಲು ಹೋಯಿತೆ? ಮೂರಕ್ಕೂ ತಕ್ಕ ಉತ್ತರ ದೊರೆತರೆ, "ನನಗೆ ಈ ಕಟ್ಟು ಹಿಡಿಸದು" ಎಂದು ನೇರವಾಗಿ ಹೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅದು ಪ್ರಾಮಾಣಿಕವಾದ ಮಾತು. ಮುಂದಿನ ಪಂದ್ಯಕ್ಕೆ ಪಕ್ಕದ ಕಟ್ಟಿನಲ್ಲಿ ನಾಲ್ಕು ಎಲೆಗಳನ್ನು ಬದಲಾಯಿಸಿಕೊಂಡು ಹೋಗುವುದು ಅದಕ್ಕಿಂತಲೂ ಉತ್ತಮವಾದ ಉತ್ತರ.